ಶುಗರ್ ಇದ್ದವರ ಕಾಲ್ಬೆರಳೇ ಮೊದಲು ಜೋಮು ಹಿಡಿಯುವುದು ಯಾಕೆ?

ನಮ್ಮ ದೊಡ್ಡಪ್ಪ ಒಂದು ದಿನ ಸಂಜೆ ತೋಟದಿಂದ ಬಂದು ಜಗಲಿ ಮೇಲೆ ಕೂತರು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. "ಎಲ್ಲಿ ಬಿತ್ತೋ ಗೊತ್ತೇ ಆಗ್ಲಿಲ್ಲ ಕಣೋ" ಎಂದರು. ಹುಡುಕಿಕೊಂಡು ಹೋದರೆ ಅರ್ಧ ದಾರಿಯಲ್ಲಿ ಬಿದ್ದಿತ್ತು. ಅಲ್ಲಿಂದ ಮನೆವರೆಗೆ ಒಂದು ಕಾಲು ಬರಿಗಾಲಲ್ಲೇ ನಡೆದು ಬಂದಿದ್ದರು. ಅಂಗಾಲಿಗೆ ಎರಡು ಮುಳ್ಳು ಚುಚ್ಚಿಕೊಂಡಿದ್ದವು, ಅದೂ ಗೊತ್ತಾಗಿರಲಿಲ್ಲ. ಆಗ ಅವರಿಗೆ ಶುಗರ್ ಬಂದು 12 ವರ್ಷ ಆಗಿತ್ತು. ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿಸುತ್ತಿದ್ದರು, ಮಾತ್ರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆದರೆ ಆ 12 ವರ್ಷದಲ್ಲಿ ಯಾರೂ ಒಂದು ಸಲವೂ ಅವರ ಚಪ್ಪಲಿ ಬಿಡಿಸಿ ಪಾದ ಮುಟ್ಟಿ ನೋಡಿರಲಿಲ್ಲ.

ಇದು ನಮ್ಮ ಒಂದು ಮನೆಯ ಕಥೆ ಆಗಿದ್ದರೆ ಬರೆಯುತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಲೆಕ್ಕದಲ್ಲಿ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಕಾಯಿಲೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ದಿನ ನರ ಹಾಳಾಗುತ್ತದೆ. ಅಂಥವರು ಹೇಳುವ ಮಾತುಗಳು ಎಲ್ಲಾ ಊರಲ್ಲೂ ಒಂದೇ. ಕಾಲು ಜುಂ ಅನ್ನುತ್ತೆ. ರಾತ್ರಿ ಅಂಗಾಲು ಉರಿಯುತ್ತೆ, ಹೊದಿಕೆ ತಾಗಿದರೂ ಆಗಲ್ಲ. ಹತ್ತಿ ಮೇಲೆ ನಡೆದ ಹಾಗೆ ಇರುತ್ತೆ. ಚಪ್ಪಲಿ ಜಾರಿದ್ದು ಗೊತ್ತಾಗಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸಕ್ಕರೆ ಜಾಸ್ತಿ ಆಗುವುದು ರಕ್ತದಲ್ಲಿ. ರಕ್ತ ಮೈಯೆಲ್ಲಾ ಹರಿಯುತ್ತದೆ, ಮೂಗಿಗೂ ಹೋಗುತ್ತದೆ, ಕಿವಿಗೂ ಹೋಗುತ್ತದೆ, ನಾಲಿಗೆಗೂ ಹೋಗುತ್ತದೆ. ಹಾಗಿದ್ದ ಮೇಲೆ ಜೋಮು ಮೊದಲು ಕಾಲ್ಬೆರಳಿಗೇ ಬರುವುದು ಯಾಕೆ? ಅದೂ ಎರಡೂ ಕಾಲಿಗೆ, ಒಂದೇ ಸಮನಾಗಿ? ಇದಕ್ಕೆ ಸರಿಯಾದ ಉತ್ತರ ಗೊತ್ತಾದರೆ ಯಾವ ಪರೀಕ್ಷೆ ಮುಖ್ಯ, ಯಾವ ಮಾತ್ರೆ ಸುಮ್ನೆ ದುಡ್ಡು ದಂಡ ಅನ್ನುವುದೂ ತಿಳಿಯುತ್ತದೆ. ಉತ್ತರ ಇರುವುದು ನರಕೋಶದ ಒಂದು ಭಾಗದಲ್ಲಿ. ಅದರ ಹೆಸರು ಆಕ್ಸಾನ್.

ಮೊದಲು ನಮ್ಮ ಭಾಷೆಯದೇ ಒಂದು ತೊಡಕನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ನಾವು "ನರ" ಅನ್ನುವ ಒಂದೇ ಪದವನ್ನು ಮೂರು ನಾಲ್ಕು ವಸ್ತುಗಳಿಗೆ ಬಳಸುತ್ತೇವೆ. ಮುಂಗೈ ಮೇಲೆ ನೀಲಿಯಾಗಿ ಕಾಣುವ ರಕ್ತನಾಳವನ್ನೂ ನರ ಎನ್ನುತ್ತೇವೆ. "ನರಕ್ಕೆ ಇಂಜೆಕ್ಷನ್ ಕೊಟ್ಟರು" ಎಂದರೆ ಅದು ರಕ್ತನಾಳಕ್ಕೆ ಕೊಟ್ಟದ್ದು. ಕತ್ತು ತಿರುಗಿಸಲು ಆಗದಿದ್ದರೆ "ನರ ಹಿಡಿದುಕೊಂಡಿದೆ" ಎನ್ನುತ್ತೇವೆ, ಅಲ್ಲಿ ಹಿಡಿದಿರುವುದು ಸಾಮಾನ್ಯವಾಗಿ ಸ್ನಾಯು. ಹೀಗಾಗಿ ಕಾಲು ಜೋಮು ಹಿಡಿದಾಗ ಮನೆಯಲ್ಲಿ ಎಲ್ಲರೂ "ರಕ್ತ ಓಡಾಡ್ತಾ ಇಲ್ಲ, ತಿಕ್ಕಿ" ಎನ್ನುತ್ತಾರೆ. ಬಿಸಿ ಎಣ್ಣೆ ಹಚ್ಚುತ್ತಾರೆ, ಬಿಸಿ ನೀರಲ್ಲಿ ಕಾಲಿಡಿಸುತ್ತಾರೆ. ನಾನು ಈ ಲೇಖನದಲ್ಲಿ ನರ ಅಂದಾಗಲೆಲ್ಲ ಹೇಳುತ್ತಿರುವುದು ಸುದ್ದಿ ಸಾಗಿಸುವ ನರ. ಅದರಲ್ಲಿ ರಕ್ತ ಹರಿಯುವುದಿಲ್ಲ. ಸಾವಿರಾರು ಆಕ್ಸಾನ್‌ಗಳನ್ನು ಒಟ್ಟಿಗೆ ಹೊಸೆದ ಹಗ್ಗ ಅದು.

ಹೈಸ್ಕೂಲಿನಲ್ಲಿ ನರಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದು ನೆನಪಿದೆಯಾ? ಒಂದು ಕಡೆ ನಕ್ಷತ್ರದ ಹಾಗೆ ಕೋಶದ ಒಡಲು, ಅದರಿಂದ ಕವಲೊಡೆದ ಡೆಂಡ್ರೈಟ್‌ಗಳು, ಆಮೇಲೆ ಬಾಲದ ಹಾಗೆ ಒಂದು ಆಕ್ಸಾನ್, ಅದರ ತುದಿಯಲ್ಲಿ ಸಣ್ಣ ಬೇರುಗಳು. ಪುಟದಲ್ಲಿ ಹಿಡಿಸಬೇಕಲ್ಲ, ಅದಕ್ಕೆ ಬಾಲವನ್ನು ಒಡಲಿನ ನಾಲ್ಕೈದರಷ್ಟು ಉದ್ದ ಬರೆದು ಮುಗಿಸುತ್ತಿದ್ದೆವು. ಆ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಅಳತೆ ಹಿಡಿದು ನೋಡಿದರೆ ಅದು ಪೂರ್ತಿ ತಪ್ಪು.

ಕಾಲಿನ ಹೆಬ್ಬೆರಳಿಂದ ಸುದ್ದಿ ತರುವ ನರಕೋಶದ ಒಡಲು ಕಾಲಿನಲ್ಲಿ ಇರುವುದೇ ಇಲ್ಲ. ಅದು ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದಲ್ಲಿ ಒಂದು ಸಣ್ಣ ಗಂಟಿನೊಳಗೆ ಇರುತ್ತದೆ. ಅಲ್ಲಿಂದ ಅದರ ಆಕ್ಸಾನ್ ಪೃಷ್ಠ, ತೊಡೆ, ಮೊಣಕಾಲು, ಮೀನಖಂಡ ದಾಟಿ ಬೆರಳ ತುದಿ ಮುಟ್ಟುತ್ತದೆ. ಸುಮಾರು 1 ಮೀಟರ್. ಒಡಲಿನ ಅಗಲ ಸುಮಾರು 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ 20ನೇ ಒಂದು ಭಾಗ. ನೋವಿನ ಸುದ್ದಿ ತರುವ ತೆಳು ಆಕ್ಸಾನ್ ಆದರೆ ಅದರ ದಪ್ಪ 1 ಮೈಕ್ರಾನ್ ಆಸುಪಾಸು. ಈ ಅಳತೆಯಲ್ಲೇ ಚಿತ್ರ ಬರೆಯೋಣ ಎಂದು ಒಡಲನ್ನು 2 ಸೆಂಟಿಮೀಟರ್ ಅಗಲಕ್ಕೆ ಬರೆದರೆ, ಆಕ್ಸಾನ್‌ಗೆ ಪೆನ್ನಿನಿಂದ ಎಳೆದ ಒಂದು ಗೆರೆ ಸಾಕು, ಆದರೆ ಆ ಗೆರೆಯನ್ನು 400 ಮೀಟರ್ ಎಳೆಯಬೇಕು. ಕ್ರೀಡಾಂಗಣದ ಟ್ರ್ಯಾಕ್ ಒಂದು ಸುತ್ತು! ಮೈಯಲ್ಲಿರುವ ಬೇರೆ ಯಾವ ಕೋಶಕ್ಕೂ ಇಂಥ ಆಕಾರ ಇಲ್ಲ. ಇಷ್ಟು ಪುಟ್ಟ ಒಡಲು, ಅಷ್ಟು ದೂರದ ತುದಿ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಆಕ್ಸಾನ್ ಮಾಡುವ ಕೆಲಸ ಸುದ್ದಿ ಸಾಗಿಸುವುದು. ಅದನ್ನು ಕರೆಂಟ್ ತಂತಿಗೆ ಹೋಲಿಸುವುದು ರೂಢಿ, ಆದರೆ ಆ ಹೋಲಿಕೆ ದಾರಿ ತಪ್ಪಿಸುತ್ತದೆ. ತಂತಿಯಲ್ಲಿ ವಿದ್ಯುತ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹರಿಯುತ್ತದೆ, ದೂರ ಹೆಚ್ಚಿದ ಹಾಗೆ ಬಲ ಕಡಿಮೆ ಆಗುತ್ತದೆ. ಆಕ್ಸಾನ್ ಹಾಗಲ್ಲ. ಸುಮ್ಮನಿರುವಾಗ ಅದರ ಪೊರೆಯ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸುದ್ದಿ ಬಂದ ಜಾಗದಲ್ಲಿ ಪೊರೆಯ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತಿನಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಿ ಮೊದಲಿನ ಸ್ಥಿತಿಗೆ ತರುತ್ತದೆ. ಆ ಗದ್ದಲಕ್ಕೆ ಪಕ್ಕದ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು. ಕಾರ್ತಿಕದ ದೀಪೋತ್ಸವದಲ್ಲಿ ಒಂದು ಹಣತೆಯಿಂದ ಇನ್ನೊಂದನ್ನು ಹಚ್ಚುತ್ತಾ ಹೋದ ಹಾಗೆ. ನೂರನೇ ಹಣತೆಯ ಉರಿ ಮೊದಲನೆಯದಕ್ಕಿಂತ ಸಣ್ಣದಿರುವುದಿಲ್ಲ, ಯಾಕೆಂದರೆ ಅದು ಉರಿಯುವುದು ತನ್ನದೇ ಎಣ್ಣೆಯಲ್ಲಿ. ಈ ಎಣ್ಣೆಯ ಮಾತನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಇದನ್ನೆಲ್ಲ ಕಂಡುಹಿಡಿದದ್ದು ಸಮುದ್ರದ ಒಂದು ಜೀವಿಯಿಂದ. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಆ ಸ್ಕ್ವಿಡ್. ಅಪಾಯ ಬಂದಾಗ ಚಂಗನೆ ಹಿಂದಕ್ಕೆ ಚಿಮ್ಮಲು ಅದಕ್ಕೆ ತುಂಬಾ ದಪ್ಪದ ಆಕ್ಸಾನ್ ಇದೆ. ಕೆಲವು ಜಾತಿಗಳಲ್ಲಿ 1 ಮಿಲಿಮೀಟರ್‌ವರೆಗೆ ದಪ್ಪ, ಬರಿಗಣ್ಣಿಗೆ ಕಾಣುತ್ತದೆ. ಇಂಗ್ಲೆಂಡಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅದರೊಳಗೇ ಎಲೆಕ್ಟ್ರೋಡ್ ಇಳಿಸಿ ಅಳೆದರು. 1952ರಲ್ಲಿ ಇಡೀ ಲೆಕ್ಕ ಬಿಡಿಸಿದರು, 1963ರಲ್ಲಿ ನೊಬೆಲ್ ಬಂತು.

ಸ್ಕ್ವಿಡ್ ವೇಗಕ್ಕಾಗಿ ಆಕ್ಸಾನ್ ದಪ್ಪ ಮಾಡಿಕೊಂಡಿತು. ನಮಗೆ ಲಕ್ಷಾಂತರ ಆಕ್ಸಾನ್‌ಗಳು ಬೇಕು, ಎಲ್ಲವೂ 1 ಮಿಲಿಮೀಟರ್ ದಪ್ಪ ಆದರೆ ಕಾಲೆಲ್ಲಾ ನರವೇ ಆಗುತ್ತಿತ್ತು. ನಮ್ಮ ದೇಹ ಬೇರೆ ದಾರಿ ಹಿಡಿದಿದೆ. ಮಯಲಿನ್ ಎಂಬ ಕೊಬ್ಬಿನ ಪದರವನ್ನು ಆಕ್ಸಾನ್ ಸುತ್ತ ಸುತ್ತಿ, ನಡುನಡುವೆ ಸಣ್ಣ ಸಂದು ಬಿಟ್ಟಿದೆ. ಸುದ್ದಿ ಸಂದಿನಿಂದ ಸಂದಿಗೆ ಜಿಗಿಯುತ್ತದೆ. ಹೀಗೆ ಪೂರ್ತಿ ಸುತ್ತಿದ ದಪ್ಪ ಆಕ್ಸಾನ್‌ಗಳಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ಮುಟ್ಟುತ್ತದೆ. ಮಯಲಿನ್ ಇಲ್ಲದ ತೆಳು ಆಕ್ಸಾನ್‌ಗಳಲ್ಲಿ ಸೆಕೆಂಡಿಗೆ 1 ಮೀಟರ್ ಅಷ್ಟೇ, ನಡಿಗೆಯ ವೇಗ. ಈ ವ್ಯತ್ಯಾಸ ನಿಮಗೆ ಗೊತ್ತಿರುವುದೇ. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ತಾಗಿದ್ದು ಆ ಕ್ಷಣವೇ ಗೊತ್ತಾಗುತ್ತದೆ. ಆಮೇಲೆ ಒಂದು ಗಳಿಗೆ ಬಿಟ್ಟು ಆ ಜೀವ ಹಿಂಡುವ ಉರಿ ಬರುತ್ತದೆ. ಎರಡೂ ಒಂದೇ ಬೆರಳಿಂದ ಒಟ್ಟಿಗೇ ಹೊರಟವು. ಒಂದು ಜಿಗಿಯುತ್ತಾ ಬಂತು, ಇನ್ನೊಂದು ನಡೆದುಕೊಂಡು ಬಂತು.

ಈಗ ಎಣ್ಣೆಯ ಮಾತು. ನನಗೆ ಈ ವಿಷಯದಲ್ಲಿ ತೀರಾ ಮನಸ್ಸು ಹಿಡಿದಿರುವ ಭಾಗ ಇದು.

ಪ್ರತಿ ಹಣತೆಯೂ ತನ್ನ ಎಣ್ಣೆಯಲ್ಲಿ ಉರಿಯುತ್ತದೆ ಎಂದೆ. ಹಾಗಾದರೆ ಕೊನೆಯ ಹಣತೆಗೆ ಎಣ್ಣೆ ತಂದು ಹಾಕುವವರು ಯಾರು? ಬತ್ತಿ ಬದಲಿಸುವವರು ಯಾರು? ಒಳನುಗ್ಗಿದ ಸೋಡಿಯಮ್ಮನ್ನು ಮತ್ತೆ ಹೊರಗೆ ಹಾಕಲು ಶಕ್ತಿ ಬೇಕು, ಹಳೆಯ ಬಾಗಿಲುಗಳು ಸವೆದರೆ ಹೊಸವು ಬೇಕು. ಇದಕ್ಕೆ ಬೇಕಾದ ಪ್ರೋಟೀನ್‌ಗಳಲ್ಲಿ ಬಹುಪಾಲು ತಯಾರಾಗುವುದು ಸೊಂಟದ ಹತ್ತಿರದ ಆ ಪುಟ್ಟ ಒಡಲಿನಲ್ಲಿ. ಅಲ್ಲಿಂದ ಬೆರಳ ತುದಿಗೆ ಸಾಗಿಸಬೇಕು. ಆಕ್ಸಾನ್ ಒಳಗೆ ಉದ್ದಕ್ಕೂ ಕೊಳವೆಯಂಥ ಹಳಿಗಳಿವೆ. ಆ ಹಳಿಗಳ ಮೇಲೆ ಕೈನೆಸಿನ್ ಎಂಬ ಪ್ರೋಟೀನ್ ಸರಕು ಹೊತ್ತು ನಡೆಯುತ್ತದೆ. ನಿಜಕ್ಕೂ ನಡೆಯುತ್ತದೆ, ಎರಡು ಕಾಲಿನ ಹಾಗೆ ಒಂದರ ಮುಂದೆ ಒಂದು ಇಟ್ಟು. ಒಂದು ಹೆಜ್ಜೆ 8 ನ್ಯಾನೋಮೀಟರ್, ಒಂದು ಹೆಜ್ಜೆಗೆ ಒಂದು ಎಟಿಪಿ, ಎಂದರೆ ಕೋಶಕ್ಕೆ ಶಕ್ತಿ ಕೊಡುವ ಒಂದು ಅಣು, ಖರ್ಚು. ಸೊಂಟದಿಂದ ಹೆಬ್ಬೆರಳಿಗೆ ಲೆಕ್ಕ ಹಾಕಿದರೆ ಹನ್ನೆರಡೂವರೆ ಕೋಟಿ ಹೆಜ್ಜೆ. ಕೈನೆಸಿನ್ ಸಿಕ್ಕಿದ್ದು 1985ರಲ್ಲಿ, ಅದೂ ಅದೇ ಸ್ಕ್ವಿಡ್‌ನ ದಪ್ಪ ಆಕ್ಸಾನ್‌ನಿಂದ. ತುದಿಯಿಂದ ಹಳೆಯ ಸಾಮಾನು ವಾಪಸ್ ತರಲು ಡೈನೀನ್ ಎಂಬ ಇನ್ನೊಂದು ಪ್ರೋಟೀನ್ ಇದೆ.

ಬೇಗ ಸಾಗುವ ಸರಕು ದಿನಕ್ಕೆ 200ರಿಂದ 400 ಮಿಲಿಮೀಟರ್ ಹೋಗುತ್ತದೆ. ಎಂದರೆ ಬೆರಳು ಮುಟ್ಟಲು ಮೂರರಿಂದ ಐದು ದಿನ. ಆದರೆ ಹಳಿಗೆ, ಕಂಬಕ್ಕೆ ಬೇಕಾದ ಸಾಮಗ್ರಿ ಬಹಳ ನಿಧಾನ. ಕೆಲವು ದಿನಕ್ಕೆ 1 ಮಿಲಿಮೀಟರ್ ಸರಿದರೆ ಹೆಚ್ಚು. ಅಂಥದ್ದು ಹೆಬ್ಬೆರಳು ತಲುಪಲು ಮೂರು ವರ್ಷದ ಹತ್ತಿರ ಬೇಕು. ಯೋಚಿಸಿ ನೋಡಿ. ಇವತ್ತು ನಿಮ್ಮ ಕಾಲ್ಬೆರಳ ತುದಿಯಲ್ಲಿ ಆಕ್ಸಾನ್ ಅನ್ನು ಹಿಡಿದು ನಿಲ್ಲಿಸಿರುವ ಕೆಲವು ಪ್ರೋಟೀನ್‌ಗಳು ಹೊರಟದ್ದು ಎರಡು ಮೂರು ವರ್ಷದ ಹಿಂದೆ.

ಈಗ ಈ ದಾರಿಯಲ್ಲಿ ಸಕ್ಕರೆ ಏನು ಮಾಡುತ್ತದೆ ನೋಡಿ. ಸ್ನಾಯು, ಕೊಬ್ಬಿನ ಕೋಶಗಳು ಇನ್ಸುಲಿನ್ ಹೇಳಿದರೆ ಮಾತ್ರ ಹೆಚ್ಚಿನ ಸಕ್ಕರೆ ಒಳಗೆ ಬಿಟ್ಟುಕೊಳ್ಳುತ್ತವೆ. ನರಕೋಶಕ್ಕೆ ಆ ತಡೆ ಇಲ್ಲ. ರಕ್ತದಲ್ಲಿ ಎಷ್ಟು ಏರುತ್ತದೋ ಅದರ ಒಳಗೂ ಏರುತ್ತದೆ. ಜಾಸ್ತಿ ಆದ ಸಕ್ಕರೆ ಅಡ್ಡದಾರಿ ಹಿಡಿದು ಸಾರ್ಬಿಟಾಲ್ ಎಂಬ ಇನ್ನೊಂದು ವಸ್ತು ಆಗುತ್ತದೆ, ಆ ಹೊತ್ತಿನಲ್ಲಿ ಕೋಶವನ್ನು ಕಾಯುವ ವಸ್ತುಗಳು ಖರ್ಚಾಗುತ್ತವೆ. ಪ್ರೋಟೀನ್‌ಗಳಿಗೆ ಸಕ್ಕರೆ ಅಂಟಿಕೊಂಡು ಬಿಗಿಯಾಗುತ್ತವೆ. ಶಕ್ತಿ ಕೊಡುವ ಮೈಟೋಕಾಂಡ್ರಿಯ ಸೊರಗುತ್ತವೆ. ಆಕ್ಸಾನ್‌ನ ಪಕ್ಕದಲ್ಲೇ ಇದ್ದು ಅದನ್ನು ಸಾಕುವ ಶ್ವಾನ್ ಕೋಶಗಳು ಕೆಡುತ್ತವೆ. ನರದ ಹಗ್ಗಕ್ಕೇ ರಕ್ತ ಕೊಡುವ ಕೂದಲೆಳೆಯಂಥ ರಕ್ತನಾಳಗಳ ಗೋಡೆ ದಪ್ಪಗಾಗುತ್ತದೆ. ಇದರಲ್ಲಿ ಯಾವುದೂ ಕಾಲಿಗೆ ಮಾತ್ರ ಆಗುವ ಹಾನಿ ಅಲ್ಲ. ಎಲ್ಲಾ ಆಕ್ಸಾನ್‌ಗಳಿಗೂ, ಉದ್ದಕ್ಕೂ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಆಗುವ ಹಾನಿ. ಆದರೆ 10 ಸೆಂಟಿಮೀಟರ್ ಆಕ್ಸಾನ್ ಸ್ವಲ್ಪ ಪೆಟ್ಟನ್ನು ತಡೆದುಕೊಳ್ಳುತ್ತದೆ. 1 ಮೀಟರ್ ಉದ್ದದ್ದಕ್ಕೆ ದಾರಿಯುದ್ದಕ್ಕೂ ಹತ್ತು ಪಟ್ಟು ತೊಡಕು ಸೇರುತ್ತದೆ, ಕೊನೆಯ ತುದಿಗೆ ಸರಕು ಸಾಲದೇ ಬರುತ್ತದೆ. ನಾಲೆಯ ಕೊನೆಯಲ್ಲಿ ಗದ್ದೆ ಇರುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೇ ಕಾಲ್ಬೆರಳು ಮೊದಲು. ಎರಡೂ ಕಾಲಿನ ಆಕ್ಸಾನ್ ಉದ್ದ ಒಂದೇ, ಅದಕ್ಕೇ ಎರಡೂ ಕಾಲು ಒಟ್ಟಿಗೆ. ಇನ್ನೊಂದು ಮಾತಿದೆ. ಜೋಮು ಪಾದದಿಂದ ಮೇಲೇರುತ್ತಾ ಮೊಣಕಾಲಿನ ಹತ್ತಿರ ಬಂದಾಗ ಕೈಬೆರಳ ತುದಿಯಲ್ಲಿ ಶುರುವಾಗುತ್ತದೆ. ಯಾಕೆ ಅಂದರೆ ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಬರುವ ಆಕ್ಸಾನ್‌ನ ಉದ್ದವೂ ಕತ್ತಿನಿಂದ ಕೈಬೆರಳಿಗೆ ಬರುವ ಆಕ್ಸಾನ್‌ನ ಉದ್ದವೂ ಹೆಚ್ಚುಕಡಿಮೆ ಒಂದೇ. ಕಾಯಿಲೆ ಟೇಪು ಹಿಡಿದು ಅಳೆದ ಹಾಗೆ ಬರುತ್ತದೆ. ವೈದ್ಯರು ಇದನ್ನು ಕಾಲುಚೀಲ, ಕೈಗವಸಿನ ಮಾದರಿ ಎನ್ನುತ್ತಾರೆ.

ಇಲ್ಲಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಜೋಮು ಒಂದೇ ಕಾಲಿಗೆ ಬಂದರೆ, ಅಥವಾ ಬಲ ಕಡಿಮೆಯಾಗಿ ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲೇರುತ್ತಾ ಬಂದರೆ, ಶುಗರ್‌ನದೇ ಇರಬೇಕು ಎಂದು ಮನೆಯಲ್ಲಿ ಕೂರಬೇಡಿ. 2025ರ ಆರಂಭದಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ 200ಕ್ಕೂ ಹೆಚ್ಚು ಜನರಿಗೆ ಬಂದ ಗಿಲ್ಲನ್-ಬಾರೆ ಕಾಯಿಲೆ ಅಂಥದ್ದು. ಅಲ್ಲಿ ದೇಹದ ರಕ್ಷಣಾ ಪಡೆಯೇ ನರದ ಮೇಲೆ ಬೀಳುತ್ತದೆ. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು.

ಮತ್ತೆ ಶುಗರ್‌ಗೆ ಬರುತ್ತೇನೆ. ತುಂಬಾ ಜನರ ಅನುಭವ ಹೀಗಿದೆ. ಅಂಗಾಲು ಉರಿ ಎಂದು ಹೋಗುತ್ತಾರೆ. ನರದ ವೇಗ ಅಳೆಯುವ ಎನ್‌ಸಿವಿ ಪರೀಕ್ಷೆ ಮಾಡಿಸುತ್ತಾರೆ, ಸಾವಿರಾರು ರೂಪಾಯಿ ಕೊಡುತ್ತಾರೆ. ವರದಿ ನಾರ್ಮಲ್ ಬರುತ್ತದೆ. ಮನೆಯವರು "ಏನೂ ಇಲ್ವಂತೆ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರ" ಎನ್ನುತ್ತಾರೆ. ಉರಿ ಮಾತ್ರ ಹೋಗುವುದಿಲ್ಲ. ಇದು ಆ ಮನುಷ್ಯರಿಗೆ ಆಗುವ ಅನ್ಯಾಯ. ಎನ್‌ಸಿವಿ ಅಳೆಯುವುದು ದಪ್ಪ, ಮಯಲಿನ್ ಸುತ್ತಿದ ಆಕ್ಸಾನ್‌ಗಳ ವೇಗವನ್ನು ಮಾತ್ರ. ಉರಿ, ಬಿಸಿ, ನೋವು ಸಾಗಿಸುವ ತೆಳು ಆಕ್ಸಾನ್‌ಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಎಷ್ಟೋ ಸಲ ಮೊದಲು ಕೆಡುವುದು ಆ ತೆಳು ಆಕ್ಸಾನ್‌ಗಳೇ. ಕಾಯಿಲೆ ಇನ್ನೂ ಹೊಸ್ತಿಲಲ್ಲಿದೆ ಎನ್ನುವವರಲ್ಲೂ ಇದು ಕಾಣಿಸಿಕೊಳ್ಳಬಹುದು. ಹಾಗಾಗಿ ವರದಿ ನಾರ್ಮಲ್ ಎಂದ ಮಾತ್ರಕ್ಕೆ ಉರಿ ಸುಳ್ಳಾಗುವುದಿಲ್ಲ.

ಉರಿ ಇದ್ದವರು ಕಡೇ ಪಕ್ಷ ಆಸ್ಪತ್ರೆಗೆ ಹೋಗುತ್ತಾರೆ. ನನಗೆ ಹೆಚ್ಚು ಭಯ ಇರುವುದು ಉರಿಯೂ ಇಲ್ಲದೆ, ನೋವೂ ಇಲ್ಲದೆ ಮರಗಟ್ಟಿ ಹೋದವರ ಬಗ್ಗೆ. ನರ ಹಾಳಾದವರಲ್ಲಿ ಅರ್ಧದವರೆಗೆ ಜನರಿಗೆ ಯಾವ ತೊಂದರೆಯೂ ಗೊತ್ತಾಗಿರುವುದಿಲ್ಲ. "ಮೊದಲು ಉರಿ ಇತ್ತು, ಈಗ ಕಡಿಮೆ ಆಗಿದೆ" ಎಂದು ಖುಷಿಪಡುವವರಲ್ಲಿ ಕೆಲವರಿಗೆ ನಿಜವಾಗಿ ಆಗಿರುವುದು ಇಷ್ಟು: ಉರಿಯ ಸುದ್ದಿ ತರುತ್ತಿದ್ದ ಆಕ್ಸಾನ್‌ಗಳೇ ಸತ್ತಿವೆ.

ನೋವಿಲ್ಲದ ಕಾಲು ಎಷ್ಟು ಅಪಾಯ ಅನ್ನುವುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ 1940ರ ದಶಕದ ಕೊನೆಯಿಂದ ಕುಷ್ಠ ರೋಗಿಗಳ ಕೈಕಾಲಿಗೆ ಚಿಕಿತ್ಸೆ ಮಾಡುತ್ತಿದ್ದರು. ಕುಷ್ಠ ಬಂದರೆ ಬೆರಳು ಕೊಳೆತು ಉದುರುತ್ತದೆ ಎಂದೇ ಆಗ ಎಲ್ಲರ ನಂಬಿಕೆ. ಅವರು ಕಂಡುಕೊಂಡದ್ದು ಬೇರೆ. ರೋಗ ನರವನ್ನು ಕೊಲ್ಲುತ್ತದೆ, ನೋವು ಹೋಗುತ್ತದೆ. ಆಮೇಲೆ ಬಿಸಿ ಪಾತ್ರೆ, ಮುಳ್ಳು, ಬಿಗಿ ಚಪ್ಪಲಿ, ಒಂದೇ ಜಾಗಕ್ಕೆ ದಿನವಿಡೀ ಬೀಳುವ ಒತ್ತಡ, ಇವೆಲ್ಲ ಸೇರಿ ಪಾದವನ್ನು ತಿನ್ನುತ್ತವೆ. ಕಾಲು ಸ್ವಲ್ಪ ನೋಯುತ್ತಲೇ ನಾವು ನಮಗೇ ಗೊತ್ತಿಲ್ಲದ ಹಾಗೆ ಭಾರವನ್ನು ಆ ಕಡೆಗೆ ಈ ಕಡೆಗೆ ಬದಲಿಸುತ್ತಿರುತ್ತೇವೆ, ನೋವು ಗೊತ್ತಾಗದವರು ಬದಲಿಸುವುದಿಲ್ಲ. ಬ್ರ್ಯಾಂಡ್ ಮುಂದೆ ಅಮೆರಿಕಕ್ಕೆ ಹೋಗಿ ಇದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ತಂದರು. ಇವತ್ತು ಶುಗರ್ ಇದ್ದವರಿಗೆ ವೈದ್ಯರು ಹೇಳುವ ಎಂಸಿಆರ್ ಚಪ್ಪಲಿ, ಆ ಮೆತ್ತನೆಯ ರಬ್ಬರಿನದು, ಮೊದಲು ನಮ್ಮಲ್ಲಿ ಕುಷ್ಠ ರೋಗಿಗಳಿಗೆ ಅಂತ ಮಾಡಿದ್ದು.

ಸತ್ತ ಆಕ್ಸಾನ್ ಮತ್ತೆ ಬೆಳೆಯುವುದಿಲ್ಲವೇ? ಕೈಕಾಲಿನ ನರಗಳಲ್ಲಿ ಬೆಳೆಯುತ್ತದೆ, ಒಡಲು ಬದುಕಿದ್ದರೆ. ಚೆನ್ನಾಗಿರುವ ನರದಲ್ಲೇ ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನಿಂದ ಕಾಲ್ಬೆರಳಿಗೆ ಬರಲು ವರ್ಷದ ಮೇಲೆ ಆಗುತ್ತದೆ. ಸಕ್ಕರೆ ತುಂಬಿದ ಮೈಯಲ್ಲಿ ಇನ್ನೂ ನಿಧಾನ, ಎಷ್ಟೋ ಸಲ ಬೆಳೆಯುವುದೇ ಇಲ್ಲ. ಅದಕ್ಕೇ ಹಾಳಾಗುವ ಮೊದಲೇ ಹಿಡಿಯಬೇಕು ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಾಯುವ ಬಗೆಯ ಬಗ್ಗೆ ಈಚೆಗೆ ತಿಳಿದಿರುವುದು ನಿಜಕ್ಕೂ ಆಸೆ ಹುಟ್ಟಿಸುವಂಥದ್ದು. ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನರ ಕತ್ತರಿಸಿ, ಒಡಲಿನಿಂದ ಬೇರೆಯಾದ ಭಾಗ ಚೂರು ಚೂರಾಗುವುದನ್ನು ನೋಡಿದ್ದರು. ಊಟ ಸಿಗದೆ ಸಾಯುತ್ತದೆ, ಅಷ್ಟೇ ಎಂದು ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಅಂದುಕೊಂಡಿದ್ದರು. 1989ರಲ್ಲಿ ವಿಚಿತ್ರವಾದ ಒಂದು ಇಲಿ ತಳಿಯ ವಿಷಯ ಹೊರಬಂತು. ಅದರ ಆಕ್ಸಾನ್ ಕತ್ತರಿಸಿದರೆ ವಾರಗಟ್ಟಲೆ ಬದುಕಿರುತ್ತಿತ್ತು. ಅಲ್ಲಿಂದ ಹುಡುಕುತ್ತಾ ಹೋಗಿ 2012ರಲ್ಲಿ ಗೊತ್ತಾದದ್ದು ಏನೆಂದರೆ, ಆಕ್ಸಾನ್ ಒಳಗೇ ಅದನ್ನು ಕೆಡವುವ ಸಾರ್ಮ್1 ಎಂಬ ಪ್ರೋಟೀನ್ ಇದೆ. ಒಡಲಿನಿಂದ ಎನ್‌ಎಂನ್ಯಾಟ್2 ಎಂಬ ಇನ್ನೊಂದು ಪ್ರೋಟೀನ್ ದಿನವೂ ಬರುತ್ತಿರುವವರೆಗೆ ಅದು ಸುಮ್ಮನಿರುತ್ತದೆ. ಆ ಎರಡನೆಯದು ಕೆಲವೇ ಗಂಟೆ ಬಾಳುತ್ತದೆ, ಬರುವುದು ನಿಂತರೆ ಬೇಗ ಖಾಲಿ. ಆಗ ಸಾರ್ಮ್1 ಎದ್ದು ಶಕ್ತಿಗೆ ಬೇಕಾದ ಎನ್‌ಎಡಿಯನ್ನೆಲ್ಲ ಮುಗಿಸಿಬಿಡುತ್ತದೆ. ಸಾರ್ಮ್1 ಇಲ್ಲದ ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿದಾಗ ನರದ ಹಾನಿ ಕಡಿಮೆ ಆಯಿತು. ಇದನ್ನು ತಡೆಯುವ ಔಷಧಿಗಳ ಹುಡುಕಾಟ ನಡೆದಿದೆ. ಅಂಗಡಿಯಲ್ಲಿ ಸಿಗುವ ಹಂತ ಇನ್ನೂ ಬಂದಿಲ್ಲ.

ಈಗ ಅಂಗಡಿಯಲ್ಲಿ ಸಿಗುವುದರ ಬಗ್ಗೆ. ಪ್ರಿಗ್ಯಾಬಲಿನ್, ಡ್ಯುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇವು ಉರಿ, ನೋವು ಕಡಿಮೆ ಮಾಡುತ್ತವೆ, ರಾತ್ರಿ ನಿದ್ದೆ ಕೊಡುತ್ತವೆ. ಅದು ಸಣ್ಣ ಉಪಕಾರ ಅಲ್ಲ. ಆದರೆ ಸತ್ತ ಆಕ್ಸಾನ್ ಅನ್ನು ಅವು ಎಬ್ಬಿಸುವುದಿಲ್ಲ. ಸಕ್ಕರೆ ಹತೋಟಿಯ ವಿಷಯಕ್ಕೆ ಬಂದರೆ, ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1ರಲ್ಲಿ ಅದರ ಫಲ ದೊಡ್ಡದು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 1993ರಲ್ಲಿ ಹೊರಬಂದ ಡಿಸಿಸಿಟಿ ಅಧ್ಯಯನದಲ್ಲಿ ಬಿಗಿ ಹತೋಟಿ ನರದ ಹಾನಿಯನ್ನು ಸುಮಾರು 60% ಕಡಿಮೆ ಮಾಡಿತು. ನಮ್ಮಲ್ಲಿ ಹೆಚ್ಚಿನವರಿಗೆ ಇರುವ ಟೈಪ್ 2ರಲ್ಲಿ ಲಾಭ ಇದೆ, ಆದರೆ ಅಷ್ಟಿಲ್ಲ. ಅಲ್ಲಿ ಹೊಟ್ಟೆಯ ಬೊಜ್ಜು, ರಕ್ತದ ಕೊಬ್ಬು, ಬಿಪಿ, ಬೀಡಿ ಸಿಗರೇಟು, ಹೆಂಡ ಎಲ್ಲವೂ ಸೇರಿ ನರವನ್ನು ಕೆಡಿಸುತ್ತಿರುತ್ತವೆ. ಸಕ್ಕರೆ ಒಂದನ್ನೇ ನೋಡಿ ಉಳಿದದ್ದನ್ನು ಬಿಟ್ಟರೆ ಸಾಲದು.

ಇನ್ನು ನರದ ಮಾತ್ರೆ. ಮೆಡಿಕಲ್ ಶಾಪಿಗೆ ಹೋಗಿ "ನರದ ವೀಕ್ನೆಸ್‌ಗೆ ಒಂದು ಶೀಟ್ ಕೊಡಿ" ಎಂದರೆ ಬಿ ವಿಟಮಿನ್‌ಗಳ ಮಾತ್ರೆ ಕೈಗೆ ಬರುತ್ತದೆ. ಕೆಲವರು ವರ್ಷಗಟ್ಟಲೆ ನುಂಗುತ್ತಾರೆ. ಇದರಲ್ಲಿ ಎರಡು ಮಾತು ತಿಳಿದಿರಬೇಕು. ಒಂದು, ಬಿ12 ನಿಜಕ್ಕೂ ಮುಖ್ಯ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಅನ್ನು ಬಹಳ ವರ್ಷ ತೆಗೆದುಕೊಂಡರೆ ಬಿ12 ಇಳಿಯಬಹುದು, ಅದರಿಂದಲೂ ಇದೇ ರೀತಿ ಕಾಲು ಜೋಮು ಬರುತ್ತದೆ. ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ ಇರುತ್ತದೆ. ಇದು ಸರಿಪಡಿಸಬಹುದಾದ ಕಾರಣ. ಆದ್ದರಿಂದ ಮೆಟ್‌ಫಾರ್ಮಿನ್ ಬಿಡಬೇಡಿ, ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಿ. ಇನ್ನೊಂದು, ಅದೇ ಮಾತ್ರೆಯಲ್ಲಿರುವ ಬಿ6. ದಿನಕ್ಕೆ ನಮಗೆ ಬೇಕಾದದ್ದು 2 ಮಿಲಿಗ್ರಾಂ ಆಸುಪಾಸು. ಅದು ಬಹಳ ಹೆಚ್ಚಾಗಿ, ಬಹಳ ದಿನ ಹೋದರೆ ಅದೇ ನರವನ್ನು ಹಾಳು ಮಾಡುತ್ತದೆ. ಅದರ ಲಕ್ಷಣವೂ ಕಾಲು ಜೋಮು. ಜೋಮಿಗೆಂದು ನುಂಗಿದ ಮಾತ್ರೆಯಿಂದ ಜೋಮು ಜಾಸ್ತಿ ಆಗಿ, ಅದಕ್ಕೆಂದು ಇನ್ನೊಂದು ಶೀಟ್ ತರುವ ಹಾಗೆ ಆಗಬಹುದು. ಆಸ್ಟ್ರೇಲಿಯಾದಲ್ಲಿ ದಿನಕ್ಕೆ 10 ಮಿಲಿಗ್ರಾಂ ಮೀರಿದ ಬಿ6 ಇರುವ ಉತ್ಪನ್ನಗಳ ಮೇಲೆ ಈ ಎಚ್ಚರಿಕೆ ಅಚ್ಚು ಹಾಕಲೇಬೇಕು. ನೀವು ತೆಗೆದುಕೊಳ್ಳುವ ಶೀಟಿನ ಹಿಂಭಾಗ ಓದಿ, ಪೈರಿಡಾಕ್ಸಿನ್ (ಬಿ6ರ ಇನ್ನೊಂದು ಹೆಸರು) ಎಷ್ಟಿದೆ ನೋಡಿ, ವೈದ್ಯರಿಗೆ ತೋರಿಸಿ.

ಪಾದ ಪರೀಕ್ಷೆಯ ವಿಷಯದಲ್ಲಿ ನನಗೆ ಬೇಜಾರಿದೆ, ಅದನ್ನು ಮುಚ್ಚಿಡುವುದಿಲ್ಲ. ಟೈಪ್ 2 ಇರುವವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೆ ಒಮ್ಮೆಯಾದರೂ ಪಾದದ ಪೂರ್ತಿ ಪರೀಕ್ಷೆ ಆಗಬೇಕು. ಅದಕ್ಕೆ ಬೇಕಾದದ್ದು ಒಂದು ನೈಲಾನ್ ಎಳೆ, 10 ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಅಂಗಾಲಿಗೆ ಒತ್ತಿದಾಗ ಗೊತ್ತಾಗಬೇಕು. ಜೊತೆಗೆ 128 ಹರ್ಟ್ಸ್‌ನ ಒಂದು ಶ್ರುತಿ ಕವೆ, ಹೆಬ್ಬೆರಳ ಮೂಳೆಗೆ ಹಿಡಿದರೆ ಅದುರುವುದು ತಿಳಿಯಬೇಕು. ಪಾದ ತಾನಾಗಿ ಮಿಡುಕುತ್ತದೆಯೇ ನೋಡಲು ಹಿಮ್ಮಡಿಯ ಹಿಂದೆ ಪುಟ್ಟ ಸುತ್ತಿಗೆಯ ಒಂದು ಏಟು. ಎಲ್ಲಾ ಸೇರಿ ಐದು ನಿಮಿಷ. ಕ್ಲಿನಿಕ್ಕಿನಲ್ಲಿ ಸಾಲು ಉದ್ದ ಇರುತ್ತದೆ, ವೈದ್ಯರಿಗೆ ಪುರುಸೊತ್ತು ಇರುವುದಿಲ್ಲ, ಅದು ಅರ್ಥ ಆಗುತ್ತದೆ. ಆದರೆ ಎಳೆ ಒತ್ತಿ ನೋಡಲು ಡಾಕ್ಟರೇ ಬೇಕೆಂದಿಲ್ಲ, ಹೇಳಿಕೊಟ್ಟರೆ ನರ್ಸ್ ಮಾಡಬಹುದು, ಆಶಾ ಕಾರ್ಯಕರ್ತೆಯೂ ಮಾಡಬಹುದು. ರಕ್ತದ ವರದಿ ಬರೆದುಕೊಳ್ಳುವ ಪುಸ್ತಕದಲ್ಲಿ ಪಾದಕ್ಕೂ ಒಂದು ಸಾಲು ಇರಲಿ ಅನ್ನುವುದು ಅತಿಯಾಸೆ ಅಲ್ಲ, ಅಲ್ವಾ?

ಅಲ್ಲಿವರೆಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ್ದು, ಯಾವ ಸಾಮಾನೂ ಬೇಡ. ಶುಗರ್ ಇದ್ದವರನ್ನು ಮಲಗಿಸಿ ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳಿನಿಂದ ಅವರ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಉಜ್ಜಬೇಡಿ. ಮುಟ್ಟಿದಾಗ ಅವರು ಯಾವ ಕಾಲು ಎಂದು ಹೇಳಬೇಕು. ಎರಡೂ ಕಾಲು ಸೇರಿ ಆರು ಬೆರಳು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ನರ ಕೆಟ್ಟಿರುವ ಸಾಧ್ಯತೆ ಜಾಸ್ತಿ, ವೈದ್ಯರಿಗೆ ಚಪ್ಪಲಿ ಬಿಚ್ಚಿ ತೋರಿಸಲೇಬೇಕು.

ನಾನು ದೊಡ್ಡಪ್ಪನಿಗೆ ಮಾಡಿದಾಗ ಬಲಗಾಲಿನ ಮೂರೂ ಬೆರಳು ಮುಟ್ಟಿ ಆಗಿತ್ತು. ಅವರು ಕಣ್ಣು ಮುಚ್ಚಿಕೊಂಡೇ "ಶುರು ಮಾಡೋ ಮಾರಾಯ" ಎಂದರು. ನನಗೆ ಮಾತು ಹೊರಡಲಿಲ್ಲ.

ಈಗ ಅವರ ದಿನಚರಿ ಬದಲಾಗಿದೆ. ಸ್ನಾನದ ನೀರನ್ನು ಮೊದಲು ಕೈಯಿಂದ ನೋಡಿಯೇ ಕಾಲಿಗೆ ಹಾಕಿಕೊಳ್ಳುತ್ತಾರೆ. ಬಿಸಿ ನೀರಿನ ಚೀಲ ಮನೆಯಿಂದ ಹೊರಗೆ ಹೋಯಿತು. ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇದೆಯಾ ನೋಡುತ್ತಾರೆ. ದೇವಸ್ಥಾನಕ್ಕೆ ಹೋದರೆ ಬೆಳಗ್ಗೆ ಕಲ್ಲು ಕಾಯುವ ಮುಂಚೆಯೇ ಪ್ರದಕ್ಷಿಣೆ ಮುಗಿಸುತ್ತಾರೆ, ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಜಾತ್ರೆಗೆ ಹೋಗುವುದಿಲ್ಲ. ಆಣಿ ಎದ್ದರೆ ಬ್ಲೇಡು ಹಿಡಿಯುವುದಿಲ್ಲ. ರಾತ್ರಿ ಮೊಮ್ಮಗಳು ಟಾರ್ಚ್ ಹಿಡಿದು ಅಂಗಾಲು, ಬೆರಳ ಸಂದು ನೋಡುತ್ತಾಳೆ. ಅವರು ಹಾಕುವ ಎಂಸಿಆರ್ ಚಪ್ಪಲಿಗೆ ಹಿಂದೆ ಹಿಮ್ಮಡಿಗೆ ಒಂದು ಪಟ್ಟಿ ಇದೆ, ದಾರಿಯಲ್ಲಿ ಜಾರದ ಹಾಗೆ.